ಬೋರ್ಡ್ ಸತ್ತಿದೆ ಅಂತ ಯಾರು ಹೇಳಿದ್ದು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರಿನವು. ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ತೋರಿಸಿದ ಕಡೆ 'ಬೋರ್ಡ್ (ಒಳಗಿನ ಮದರ್‌ಬೋರ್ಡ್) ಹೋಗಿದೆ' ಅಂದರು, ನಾನೇ ಬಿಚ್ಚಿ ನೋಡಲಾ? ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಮೊದಲ ಪತ್ರದ ಉತ್ತರ ತುಂಬಾ ಉದ್ದವಾಯಿತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಅರ್ಧ ಉತ್ತರವೂ ಅದರಲ್ಲೇ ಇದೆ.

ಪ್ರಶ್ನೆ: ಮೇಡಂ, ನನ್ನದು ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪ್. ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದರೆ ಒಂದು ಲೈಟೂ ಇಲ್ಲ. ಹೇಗೂ ಹೋಗಿದೆಯಲ್ಲ ಅಂತ ಒಂದು ಮಲ್ಟಿಮೀಟರ್ ತಂದು ಬೋರ್ಡ್ ಹೊರಗೆ ತೆಗೆದೆ. ಬೀಪ್ ಮೋಡಿಗೆ ಹಾಕಿ ಮುಟ್ಟುತ್ತಾ ಹೋದರೆ ಸಿಕ್ಕ ಸಿಕ್ಕಲ್ಲಿ ಬೀಪ್ ಅನ್ನುತ್ತಿದೆ. ಪ್ರೊಸೆಸರ್ ಸುತ್ತಮುತ್ತ ಅಂತೂ ಎಲ್ಲ ಕಡೆ. ಅಷ್ಟೂ ಶಾರ್ಟ್ ಆಗಿದೆಯಾ? ಎಲ್ಲಿಂದ ಶುರು ಮಾಡಲಿ?
(ಹೆಸರು ಬೇಡ ಎಂದ ವಿದ್ಯಾರ್ಥಿ)

ಉತ್ತರ: ಮೊದಲು ಆ ಬೀಪ್ ಮೋಡಿನಿಂದ ಹೊರಗೆ ಬನ್ನಿ. ಹೊಸಬರ ದಾರಿ ತಪ್ಪಿಸುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಎಷ್ಟೋ ಮೀಟರುಗಳಿಗೆ ಮೂವತ್ತು ನಲವತ್ತು ಓಮ್‌ಗಿಂತ ಕಡಿಮೆ ಸಿಕ್ಕರೆ ಸಾಕು, ಕೂಗುತ್ತವೆ. ಸೊನ್ನೆ ಓಮ್‌ಗೂ ಅದೇ ಕೂಗು, ಇಪ್ಪತ್ತು ಓಮ್‌ಗೂ ಅದೇ ಕೂಗು. ಬೋರ್ಡಿನ ಮೇಲೆ ಬೂದು ಬಣ್ಣದ ಚೌಕ ಡಬ್ಬಿಗಳ ಹಾಗೆ ಕೂತಿರುತ್ತವಲ್ಲ, ಅವು ಕಾಯಿಲ್‌ಗಳು. ಒಳಗಿರುವುದು ಸುತ್ತಿದ ತಾಮ್ರದ ತಂತಿ. ಎರಡು ತುದಿ ಮುಟ್ಟಿದರೆ ಬೀಪ್ ಬರಲೇಬೇಕು. ಫ್ಯೂಸ್‌ನಲ್ಲೂ ಬರಲೇಬೇಕು. ಪ್ರೊಸೆಸರ್ ಪಕ್ಕದ ಕಾಯಿಲ್‌ನಿಂದ ಗ್ರೌಂಡಿಗೆ (ಬೋರ್ಡಿನ ಮೈನಸ್, ಸ್ಕ್ರೂ ತೂತಿನ ಸುತ್ತಲ ಲೋಹ) ಅಳೆದರೆ ಕೆಲವೇ ಓಮ್, ಎಷ್ಟೋ ಬೋರ್ಡುಗಳಲ್ಲಿ ಒಂದು ಓಮ್‌ಗಿಂತಲೂ ಕಡಿಮೆ ತೋರಿಸುತ್ತದೆ. ಅದು ಶಾರ್ಟ್ ಅಲ್ಲ. ಪ್ರೊಸೆಸರ್ ಒಳಗೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಅದೇ ಲೈನಿಗೆ ಜೋತುಬಿದ್ದಿವೆ. ಒಂದೊಂದೂ ಚೂರು ಚೂರು ಸೋರುತ್ತದೆ.

ನಾನು ಕಲಿಯುವಾಗ ಇದು ಗೊತ್ತಿರಲಿಲ್ಲ. ಒಂದು ಬೋರ್ಡಿನಲ್ಲಿ ಪ್ರೊಸೆಸರ್ ಲೈನಿನ ಕೆಪ್ಯಾಸಿಟರುಗಳನ್ನು (ಚಾರ್ಜ್ ತುಂಬಿಟ್ಟುಕೊಳ್ಳುವ ಸಣ್ಣ ಕಂದು ತುಂಡುಗಳು) ಒಂದೊಂದಾಗಿ ಕಿತ್ತು ಕಾಗದದ ಮೇಲೆ ಸಾಲಾಗಿ ಅಂಟಿಸಿಟ್ಟೆ. ಹದಿನೆಂಟು ಕಿತ್ತ ಮೇಲೂ 'ಶಾರ್ಟ್' ಹೋಗಲಿಲ್ಲ. ಇದ್ದರೆ ತಾನೇ ಹೋಗುವುದು! ಆ ಬೋರ್ಡಿನ ನಿಜವಾದ ತೊಂದರೆ ಪವರ್ ಬಟನ್ನಿನ ಪಟ್ಟಿ ಕೇಬಲ್ ಸಡಿಲವಾಗಿದ್ದದ್ದು.

ಮೀಟರನ್ನು ಓಮ್‌ಗೆ ತಿರುಗಿಸಿ, ಕೆಳಗಿನ ರೇಂಜ್. ಎರಡೂ ಮೊನೆ ಒಂದಕ್ಕೊಂದು ಮುಟ್ಟಿಸಿ. 0.2 ಅಂತಲೋ 0.5 ಅಂತಲೋ ಬರುತ್ತದೆ. ಅದು ಮೀಟರಿನ ವೈರಿನದು. ಅಳೆದಾಗೆಲ್ಲ ಅಷ್ಟನ್ನು ಕಳೆಯಬೇಕು.

ಇನ್ನೊಂದು ಮಾತು. ನಿಮ್ಮ ಬೋರ್ಡ್ ಸತ್ತಿದೆ ಅಂತ ಯಾರು ಹೇಳಿದ್ದು? ಇಡೀ ಪತ್ರದಲ್ಲಿ ಅಡಾಪ್ಟರ್ ಅಳೆದ ಸುದ್ದಿಯೇ ಇಲ್ಲ. ದುಂಡು ಪಿನ್ನಿನದಾದರೆ ಮೀಟರನ್ನು ಡಿಸಿ ವೋಲ್ಟಿಗೆ ಹಾಕಿ, ಕೆಂಪು ಮೊನೆ ಒಳಗೆ, ಕಪ್ಪು ಮೊನೆ ಹೊರಗೆ ಹಿಡಿಯಿರಿ. ಲೇಬಲ್ಲಿನ ಮೇಲೆ 19 ಅಥವಾ 19.5 ಅಂತ ಬರೆದಿರುತ್ತದೆ, ಅದಕ್ಕೆ ಹತ್ತಿರದ ಅಂಕಿ ಬರಬೇಕು. ಬಂದ ಮಾತ್ರಕ್ಕೆ ಅಡಾಪ್ಟರ್ ಸರಿ ಇದೆ ಎಂದೂ ಅಲ್ಲ. ಖಾಲಿ ಇದ್ದಾಗ 19 ತೋರಿಸಿ, ಲೋಡ್ ಬಿದ್ದ ಕೂಡಲೇ ಮಲಗುವವೂ ಇವೆ. ಅಂಥದ್ದೇ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ಒಳ್ಳೆಯದು. ಯುಎಸ್‌ಬಿ-ಸಿ ಚಾರ್ಜರ್ ಆದರೆ ಮೀಟರ್ ಮೊನೆಯಿಂದ ಅಳೆಯಲು ಹೋಗಬೇಡಿ. ಎದುರಿಗೆ ಸಾಧನ ಇಲ್ಲದಿದ್ದರೆ ಅದು ಕರೆಂಟೇ ಬಿಡುವುದಿಲ್ಲ. ಚಾರ್ಜರ್ ಮತ್ತು ಲ್ಯಾಪ್‌ಟಾಪ್ ನಡುವೆ ಸಿಕ್ಕಿಸುವ ಸಣ್ಣ ಯುಎಸ್‌ಬಿ ಮೀಟರ್ ಸಿಗುತ್ತದೆ, ಅದನ್ನು ಹಾಕಿ. ಮೊದಲು 5 ವೋಲ್ಟ್, ಎಷ್ಟು ವೋಲ್ಟ್ ಬೇಕು ಅಂತ ಅವೆರಡರ ಮಾತುಕತೆ ಮುಗಿದ ಮೇಲೆ 20 ವೋಲ್ಟ್. ಐದರಲ್ಲೇ ನಿಂತಿದೆ ಅಂದರೆ ಮಾತುಕತೆ ಮುರಿದುಬಿದ್ದಿದೆ. ಆಗ ಕೇಬಲ್, ಪೋರ್ಟು ಮತ್ತು ಪೋರ್ಟಿನ ಹಿಂದಿನ ಚಿಪ್ಪು, ಈ ಮೂರರ ಮೇಲೆ ಅನುಮಾನ ಪಡಿ.

ಅಡಾಪ್ಟರ್ ಸರಿ ಇದ್ದರೆ ಬ್ಯಾಟರಿ ಕನೆಕ್ಟರ್ ಬಿಚ್ಚಿ. ಬೋರ್ಡಿಗೆ ಕೈ ಹಾಕುವ ಮೊದಲು ಯಾವಾಗಲೂ ಮಾಡಬೇಕಾದ ಕೆಲಸ ಇದು. ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಂದೇ ರ‍್ಯಾಮ್ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ: ಎಸ್‌ಎಸ್‌ಡಿ, ವೈಫೈ ಕಾರ್ಡು, ಕೀಬೋರ್ಡು, ಕ್ಯಾಮೆರಾ, ಸ್ಕ್ರೀನು. ಹೀಟ್‌ಸಿಂಕ್ ಮಾತ್ರ ಇರಲಿ. ಬರೀ ಬೋರ್ಡು, ಬಟನ್ನು, ಅಡಾಪ್ಟರ್. ಬಹುಪಾಲು ಲ್ಯಾಪ್‌ಟಾಪ್‌ಗಳು ಇಷ್ಟರಲ್ಲೇ ಏಳಬಲ್ಲವು. ಎದ್ದರೆ, ತೆಗೆದದ್ದನ್ನು ಒಂದೊಂದಾಗಿ ವಾಪಸ್ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ಸಾಯುತ್ತದೋ ಅದೇ ಕಳ್ಳ.

ಏಳಲಿಲ್ಲ ಅಂತಿಟ್ಟುಕೊಳ್ಳಿ. ಇನ್ನು ಮುಂದಿನದು ಒಂದು ದಾರಿ. ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಅಂತ ಹಿಂದೆಯೇ ನಡೆದುಕೊಂಡು ಹೋಗುವುದು. ಜ್ಯಾಕ್ ಹತ್ತಿರ ಎಂಟು ಕಾಲಿನ ಎರಡು ಸಣ್ಣ ಚಿಪ್ಪುಗಳು ಇರುತ್ತವೆ. ಇವು ಮಾಸ್‌ಫೆಟ್‌ಗಳು, ಅಂದರೆ ಕರೆಂಟನ್ನು ಬಿಡುವ, ತಡೆಯುವ ಬಾಗಿಲು. ಸಾಮಾನ್ಯವಾಗಿ ಒಂದರಿಂದ ಮೂರನೇ ಕಾಲು ಸೋರ್ಸ್, ನಾಲ್ಕನೆಯದು ಬಾಗಿಲು ತೆರೆಸುವ ಗೇಟ್, ಉಳಿದ ನಾಲ್ಕು ಡ್ರೈನ್. ಕರೆಂಟು ಹಾಯುವುದು ಸೋರ್ಸ್, ಡ್ರೈನ್ ನಡುವೆ. ಅಡಾಪ್ಟರಿನ 19 ವೋಲ್ಟ್ ಮೊದಲನೆಯದನ್ನು ದಾಟಿ, ಎರಡನೆಯದನ್ನು ದಾಟಿ, ಆಮೇಲೆ ಒಂದು ದಪ್ಪ ರೆಸಿಸ್ಟರ್ ದಾಟುತ್ತದೆ. ಅದರ ಮೇಲೆ 'ಆರ್010' ಅಂತ ಬರೆದಿದ್ದರೆ 0.010 ಓಮ್ ಎಂದರ್ಥ. ಅಲ್ಲಿಂದ ಮುಂದೆ ಇರುವುದೇ ಮೇನ್ ಲೈನು. ಬೋರ್ಡಿನ ಮೇಲಿನ ಎಲ್ಲ ಸಣ್ಣ ವೋಲ್ಟೇಜುಗಳೂ ಹುಟ್ಟುವುದು ಅದರಿಂದ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಮೊದಲ ಮಾಸ್‌ಫೆಟ್‌ನ ಒಂದು ಕಡೆ 19 ಇದೆ, ಇನ್ನೊಂದು ಕಡೆ ಏನೂ ಇಲ್ಲ. 'ಸಿಕ್ಕಿಬಿತ್ತು, ಮಾಸ್‌ಫೆಟ್ ಹೋಗಿದೆ' ಅಂತ ಹೊಸದು ತಂದು ಹಾಕುತ್ತಾರೆ. ಅದೇ ಕಥೆ. ಮಾಸ್‌ಫೆಟ್ ತಾನಾಗಿ ತೆರೆಯುವುದಿಲ್ಲ ಮಾರಾಯ್ರೇ. ಪಕ್ಕದ ಚಾರ್ಜಿಂಗ್ ಚಿಪ್ಪು 'ಬಿಡು' ಅಂದರೆ ಮಾತ್ರ ಬಿಡುತ್ತದೆ. ಮುಂದೆ ಶಾರ್ಟ್ ಇದೆ ಅಂತ ಗೊತ್ತಾದರೆ ಆ ಚಿಪ್ಪು ಬಾಗಿಲನ್ನು ತೆರೆಯುವುದೇ ಇಲ್ಲ. ಅದರ ಕೆಲಸ ಅದು ಸರಿಯಾಗಿಯೇ ಮಾಡುತ್ತಿರುತ್ತದೆ. ಎನ್ ಚಾನೆಲ್ ಮಾಸ್‌ಫೆಟ್ ಆದರೆ ನಾಲ್ಕನೇ ಕಾಲಿನಲ್ಲಿ ಸೋರ್ಸ್‌ಗಿಂತ ಸುಮಾರು 5-6 ವೋಲ್ಟ್ ಜಾಸ್ತಿ ಇರಬೇಕು, ಅಂದರೆ 24-25ರ ಹತ್ತಿರ. ಅಷ್ಟು ಇದ್ದೂ ದಾಟದಿದ್ದರೆ ಮಾಸ್‌ಫೆಟ್ ಹೋಗಿದೆ. ಇಲ್ಲದಿದ್ದರೆ ಅಡಾಪ್ಟರ್ ಕಿತ್ತು, ಮೇನ್ ಲೈನಿನಿಂದ ಗ್ರೌಂಡಿಗೆ ಎಷ್ಟು ಓಮ್ ಅಂತ ನೋಡಿ. ಸರಿ ಇದ್ದ ಬೋರ್ಡಿನಲ್ಲಿ ಸಾವಿರಗಟ್ಟಲೆ ಓಮ್ ಇರುತ್ತದೆ. ಮೊನೆ ಇಟ್ಟ ಕೂಡಲೇ ಕಡಿಮೆಯಿಂದ ಶುರುವಾಗಿ ಏರುತ್ತಾ ಹೋದರೆ ಗಾಬರಿ ಬೇಡ, ಕೆಪ್ಯಾಸಿಟರುಗಳು ತುಂಬಿಕೊಳ್ಳುತ್ತಿವೆ. ಒಂದೋ ಎರಡೋ ಓಮ್‌ನಲ್ಲಿ ಅಲ್ಲಾಡದೆ ಕೂತರೆ ಶಾರ್ಟ್. ಅದಕ್ಕೆ ಏನು ಮಾಡಬೇಕು ಅನ್ನುವುದು ಮುಂದಿನ ಪತ್ರದಲ್ಲಿದೆ.

ಮೇನ್ ಲೈನಿಗೆ 19 ಬಂದಿದೆ ಅಂದರೆ ಮುಂದಿನ ನಿಲ್ದಾಣ 3.3 ಮತ್ತು 5 ವೋಲ್ಟ್. ಅಡಾಪ್ಟರ್ ಹಾಕಿದ್ದಾಗ ಬಟನ್ ಒತ್ತುವ ಮೊದಲೇ ಕನಿಷ್ಠ 3.3 ಆದರೂ ಇರಬೇಕು. ಬಟನ್ ಒತ್ತಿದ್ದನ್ನು ತಿಳಿಯುವ ಚಿಪ್ಪು ಬದುಕುವುದೇ ಅದರ ಮೇಲೆ. ಐಟಿಇ, ಇಎನ್‌ಇ, ನುವೋಟಾನ್ ಅಂತ ಹೆಸರು ಬರೆದ ಚೌಕ ಚಿಪ್ಪು ಕಾಣಿಸಿದರೆ ಹೆಚ್ಚುಕಡಿಮೆ ಅದೇ. ನಾವು ಅದನ್ನು ಇಸಿ ಅನ್ನುತ್ತೇವೆ. ಕೀಬೋರ್ಡು, ಫ್ಯಾನು, ಚಾರ್ಜಿಂಗು, ಬಟನ್ನು ಎಲ್ಲದಕ್ಕೂ ಅದೇ ಯಜಮಾನ.

ಈ 3.3 ಅಳೆಯುವಾಗಲೇ ನಾನು ಒಂದು ಬೋರ್ಡನ್ನು ನನ್ನ ಕೈಯಾರೆ ಕೊಂದಿದ್ದೇನೆ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ಪು. ಅದರ ಒಂದು ಕಾಲಿನಲ್ಲಿ 19, ಪಕ್ಕದ ಕಾಲಿನಲ್ಲಿ 3.3. ಮಧ್ಯೆ ಉಗುರಿನ ಅಂಚಿನಷ್ಟೂ ಜಾಗ ಇಲ್ಲ. ಕೆಂಪು ಮೊನೆಯನ್ನು ಕಾಲಿನ ಮೇಲೆ ಇಟ್ಟು, ಅಂಕಿ ಓದಲು ತಲೆ ಎತ್ತಿ ಮೀಟರಿನ ಕಡೆ ನೋಡಿದೆ. ಅಷ್ಟೇ. ಕೈ ಒಂದೆಳೆ ಜಾರಿತು. 'ಟಿಕ್' ಅಂತ ಸದ್ದು, ಸಾಸಿವೆಯಷ್ಟು ಬೆಳಕು. ಹೊಗೆ ಬರಲಿಲ್ಲ, ವಾಸನೆ ಬರಲಿಲ್ಲ. ಆದರೆ ಆ 19 ವೋಲ್ಟ್ 3.3ರ ಲೈನಿಗೆ ನುಗ್ಗಿ ಇಸಿ, ಬಯಾಸ್ ಚಿಪ್ಪು (ಲ್ಯಾಪ್‌ಟಾಪನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ ಇರುವುದು ಇದರಲ್ಲಿ), ದಾರಿಯಲ್ಲಿ ಸಿಕ್ಕಿದ್ದೆಲ್ಲ ಹೋಯಿತು. ರಿಪೇರಿಗೆ ಬಂದಾಗ ಆ ಬೋರ್ಡಿಗೆ ಇದ್ದದ್ದು ಬರೀ ಚಾರ್ಜ್ ಆಗದ ತೊಂದರೆ.

ಅಂದಿನಿಂದ ಚಿಪ್ಪಿನ ಕಾಲಿನ ಮೇಲೆ ನಾನು ಮೊನೆ ಇಡುವುದಿಲ್ಲ. ಅದೇ ಕಾಲಿಗೆ ಸೇರಿದ ಕಾಯಿಲ್ಲೋ ಕೆಪ್ಯಾಸಿಟರೋ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಅಲ್ಲಿ ಅಳೆಯುತ್ತೇನೆ. ಕಪ್ಪು ಮೊನೆಯನ್ನು ಕ್ಲಿಪ್ ಹಾಕಿ ಸ್ಕ್ರೂ ತೂತಿಗೆ ಕಚ್ಚಿಸಿಬಿಡುತ್ತೇನೆ, ಒಂದು ಕೈ ಬಿಡುವಾಗುತ್ತದೆ. ಮೀಟರನ್ನು ಬೋರ್ಡಿನ ಪಕ್ಕದಲ್ಲೇ ಇಡುತ್ತೇನೆ, ತಲೆ ಎತ್ತದೆ ಕಣ್ಣಷ್ಟೇ ಹೊರಳಿಸಿದರೆ ಕಾಣುವ ಹಾಗೆ.

3.3 ಇದೆಯಾ? ಸರಿ, ಬಟನ್ ಲೈನು ನೋಡಿ. ಬಟನ್ ಕೇಬಲ್ಲಿನ ಒಂದು ಪಿನ್ನಿನಲ್ಲಿ ಸಾಮಾನ್ಯವಾಗಿ 3.3 ನಿಂತಿರುತ್ತದೆ, ಒತ್ತಿದಾಗ ಸೊನ್ನೆಗೆ ಬೀಳಬೇಕು, ಬಿಟ್ಟಾಗ ಏಳಬೇಕು. ಬೀಳದಿದ್ದರೆ ತೊಂದರೆ ಬಟನ್ನಿನದು. ಬಿದ್ದೂ ಏನೂ ಆಗದಿದ್ದರೆ ಇಸಿಯವರೆಗೆ ಸುದ್ದಿ ತಲುಪಿದೆ, ಮುಂದೆ ಹೋಗುತ್ತಿಲ್ಲ. ಅಲ್ಲಿಂದಾಚೆಗೆ ನಕ್ಷೆ ಇಲ್ಲದೆ ನಡೆಯುವುದು ಕಷ್ಟ. ಸ್ಕೀಮ್ಯಾಟಿಕ್ ಹುಡುಕುವಾಗ ಮುಚ್ಚಳದ ಮೇಲಿನ ಮಾಡೆಲ್ ಹೆಸರು ಹಾಕಬೇಡಿ, ಒಂದೇ ಮಾಡೆಲ್ಲಿಗೆ ಎರಡು ಮೂರು ಥರದ ಬೋರ್ಡ್ ಇರುತ್ತದೆ. ಬೋರ್ಡಿನ ಮೇಲೇ ಅಚ್ಚಾಗಿರುವ ನಂಬರ್ ಬೇಕು. ಕಾಂಪಾಲ್ ಮಾಡಿದ್ದಾದರೆ 'ಎಲ್‌ಎ-' ಅಂತ ಶುರುವಾಗುತ್ತದೆ, ಕ್ವಾಂಟಾ ಆದರೆ 'ಡಿಎ0', ಲೆನೊವೊದ ಎಷ್ಟೋ ಬೋರ್ಡುಗಳಲ್ಲಿ 'ಎನ್‌ಎಂ-'. ಎಷ್ಟೋ ಸಲ ಅದು ರ‍್ಯಾಮ್ ಕೆಳಗೆ ಅಡಗಿಕೊಂಡಿರುತ್ತದೆ.

ಮುಂದಿನ ಸಲ ಬರೆಯುವಾಗ ನಾಲ್ಕು ಅಂಕಿ ಕಳಿಸಿ: ಜ್ಯಾಕ್‌ನಲ್ಲಿ ಎಷ್ಟು, ಮೇನ್ ಲೈನಿನಲ್ಲಿ ಎಷ್ಟು, 3.3 ಇರಬೇಕಾದಲ್ಲಿ ಎಷ್ಟು, ಬಟನ್ ಒತ್ತಿದಾಗ ಎಷ್ಟು. 'ಎಲ್ಲ ಕಡೆ ಬೀಪ್' ಅಂದರೆ ನನಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನನ್ನ ಬೋರ್ಡಿನ ಮೇನ್ ಲೈನಿನಲ್ಲಿ 0.6 ಓಮ್ ತೋರಿಸುತ್ತಿದೆ, ಅಂದರೆ ಶಾರ್ಟ್. ಹೊರಗಿನಿಂದ ಕರೆಂಟು ಕೊಟ್ಟರೆ ಕೆಟ್ಟ ಭಾಗ ಬಿಸಿಯಾಗಿ ಸಿಕ್ಕಿಬೀಳುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. ನನ್ನ ಹತ್ತಿರ ಹಳೆಯ 19 ವೋಲ್ಟ್ ಅಡಾಪ್ಟರ್ ಇದೆ. ಅದರ ವೈರ್ ಕತ್ತರಿಸಿ ನೇರವಾಗಿ ಕೊಡಬಹುದಾ?
(ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಓದುಗರು)

ಉತ್ತರ: ಬೇಡ ಸರ್, ದಯವಿಟ್ಟು ಬೇಡ. ಅಡಾಪ್ಟರ್ ಒಂದೋ ಶಾರ್ಟ್ ಕಂಡು ತಾನೇ ಆಫ್ ಆಗುತ್ತದೆ, ಇಲ್ಲವೇ ಬೋರ್ಡಿನ ಒಳಪದರದ ತಾಮ್ರವನ್ನೇ ಸುಡುತ್ತದೆ. ಇದಕ್ಕೆ ವೋಲ್ಟು, ಆಂಪು ಎರಡಕ್ಕೂ ಮಿತಿ ಹಾಕಬಹುದಾದ ಪವರ್ ಸಪ್ಲೈ ಬೇಕು. 1 ವೋಲ್ಟ್ ಇಡಿ, ಆಂಪ್ ಒಂದರಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಆ ಲೈನಿನಲ್ಲಿ ಮಾಮೂಲಿಯಾಗಿ ಇರುವ ವೋಲ್ಟೇಜನ್ನು ಯಾವತ್ತೂ ಮೀರಬೇಡಿ.

ಕೊಡುವ ಮೊದಲು ಮಾಡಬೇಕಾದ ಒಂದು ಪರೀಕ್ಷೆಯನ್ನು ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ. ಪ್ರೊಸೆಸರ್ ಪಕ್ಕದಲ್ಲಿ ಮಾಸ್‌ಫೆಟ್‌ಗಳು ಜೋಡಿಯಾಗಿ ಇರುತ್ತವೆ. ಮೇಲಿನದು 19 ವೋಲ್ಟನ್ನು ಕಾಯಿಲ್‌ಗೆ ಚೂರು ಚೂರಾಗಿ ಬಿಡುತ್ತದೆ, ಕೆಳಗಿನದು ಕಾಯಿಲನ್ನು ಗ್ರೌಂಡಿಗೆ ಸೇರಿಸುತ್ತದೆ. ಮೇಲಿನದೇ ಶಾರ್ಟ್ ಆಗಿದ್ದರೆ ಮೇನ್ ಲೈನಿಗೆ ಕೊಟ್ಟದ್ದು ನೆಟ್ಟಗೆ ಪ್ರೊಸೆಸರಿಗೆ ಹೋಗುತ್ತದೆ. ಸುಮಾರು ಒಂದು ವೋಲ್ಟಿನಲ್ಲಿ ಬದುಕುವ ಪ್ರೊಸೆಸರ್ ಅದು, ಹೆಚ್ಚಾದರೆ ಉಳಿಯುವುದಿಲ್ಲ. ಹಾಗಾಗಿ ಮೊದಲು ಮೇನ್ ಲೈನಿನಿಂದ ಪ್ರತಿಯೊಂದು ಕಾಯಿಲ್‌ಗೂ ಓಮ್ ಅಳೆಯಿರಿ. ಯಾವುದಾದರೂ ಕಾಯಿಲ್‌ಗೆ ಸೊನ್ನೆ ಬಂದರೆ ಅಲ್ಲಿಗೆ ನಿಲ್ಲಿಸಿ, ಆ ಮಾಸ್‌ಫೆಟ್ ತೆಗೆಯುವುದೇ ಮೊದಲ ಕೆಲಸ. ನಿಮ್ಮ 0.6ರಲ್ಲಿ ಪ್ರೊಸೆಸರಿನದೇ ಪಾಲೂ ಇರಬಹುದು ಅನ್ನುವುದನ್ನು ಮರೆಯಬೇಡಿ.

ಕಾಯಿಲ್‌ಗಳು ಸರಿ ಇದ್ದರೆ ಅನುಮಾನ ಇರುವ ಕಡೆ ಐಸೊಪ್ರೊಪೈಲ್ ಆಲ್ಕೊಹಾಲ್ ತೆಳುವಾಗಿ ಹಚ್ಚಿ, ಕರೆಂಟು ಕೊಡಿ. ಬೋರ್ಡ್ ಪೂರ್ತಿ ಒದ್ದೆಯಾಗಿ ಹೊಳೆಯುತ್ತಿರುವಾಗ ಒಂದೇ ಒಂದು ಕಂದು ಚುಕ್ಕೆಯ ಸುತ್ತ ಮಾತ್ರ ಒಣಗುತ್ತಾ ಬರುತ್ತದೆ. ಮೊದಲು ಅಂಚು, ಆಮೇಲೆ ಒಂದು ಒಣ ಉಂಗುರ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬಾರದ ದೃಶ್ಯ ಅದು. ನೆನಪಿಡಿ, ಆಲ್ಕೊಹಾಲಿಗೆ ಬೆಂಕಿ ಬೇಗ ಹತ್ತುತ್ತದೆ. ಹತ್ತಿರದಲ್ಲಿ ಬಿಸಿ ಬೆಸುಗೆ ಕಡ್ಡಿ ಬೇಡ, ಕಿಟಕಿ ತೆರೆದಿರಲಿ.

ಹೆಚ್ಚಿನ ಸಲ ಸಿಗುವುದು ಸೆರಾಮಿಕ್ ಕೆಪ್ಯಾಸಿಟರ್. ಬೋರ್ಡ್ ಬಾಗಿದಾಗ, ಬಿದ್ದಾಗ ಒಳಗೆ ಕೂದಲಿನಂಥ ಬಿರುಕು ಬಿಟ್ಟು, ಪದರಗಳು ಒಂದಕ್ಕೊಂದು ತಾಗಿಬಿಡುತ್ತವೆ. ತೆಗೆದ ಮೇಲೆ ಮತ್ತೆ ಅಳೆಯಿರಿ. ಶಾರ್ಟ್ ಹೋಗಿದ್ದರೆ, ಪಕ್ಕದಲ್ಲಿ ಅದರ ಅಣ್ಣತಮ್ಮಂದಿರು ನಾಲ್ಕಾರು ಇದ್ದರೆ, ಪರೀಕ್ಷೆಗೆಂದು ಅದಿಲ್ಲದೆಯೂ ಆನ್ ಮಾಡಬಹುದು. ಹೊಸದು ಹಾಕುವಾಗ 19 ವೋಲ್ಟ್ ಲೈನಿಗೆ 25 ವೋಲ್ಟಿನದೋ ಅದಕ್ಕಿಂತ ಮೇಲಿನದೋ ಬೇಕು. ಬೇರೆ ಬೋರ್ಡಿನಿಂದ ಕಿತ್ತು ಹಾಕುವುದಾದರೆ ಅಲ್ಲೂ 19ರ ಲೈನಿನಲ್ಲೇ ಇದ್ದದ್ದನ್ನು ತೆಗೆಯಿರಿ. 6.3 ವೋಲ್ಟಿನದೂ 25 ವೋಲ್ಟಿನದೂ ನೋಡಲು ಒಂದೇ ಥರ, ಮೈಮೇಲೆ ಏನೂ ಬರೆದಿರುವುದಿಲ್ಲ.

ಪ್ರಶ್ನೆ: ಗ್ರಾಫಿಕ್ಸ್ ಚಿಪ್ಪಿಗೆ ಹಾಟ್ ಏರ್ ಬಿಟ್ಟು ಬಿಸಿ ಮಾಡಿದರೆ ಸತ್ತ ಬೋರ್ಡ್ ಎದ್ದು ಕೂರುತ್ತದೆ ಅಂತಾರೆ. ಗೆಳೆಯನದು ಹಾಗೇ ಸರಿಹೋಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಲೈಟೇ ಇಲ್ಲ, ನಾನೂ ಮಾಡಲಾ?
(ಇಂಜಿನಿಯರಿಂಗ್ ಓದುತ್ತಿರುವ ಓದುಗರು)

ಉತ್ತರ: ಗೆಳೆಯನ ಲ್ಯಾಪ್‌ಟಾಪ್ ಎರಡು ತಿಂಗಳ ನಂತರ ಹೇಗಿದೆ ಕೇಳಿ. ಬಿರುಕು ಇರುವುದು ಹೆಚ್ಚಾಗಿ ಚಿಪ್ಪಿನ ಒಳಗೆ, ಕಣ್ಣಿಗೆ ಕಾಣದ ಬೆಸುಗೆಯ ಸಣ್ಣ ಗುಂಡುಗಳಲ್ಲಿ. ಬಿಸಿಗೆ ಅವು ಹಿಗ್ಗಿ ಸ್ವಲ್ಪ ದಿನ ತಾಗಿಕೊಂಡಿರುತ್ತವೆ, ಆಮೇಲೆ ಮತ್ತೆ ಬಿಡುತ್ತವೆ. ಅಷ್ಟರಲ್ಲಿ ಸುತ್ತಲಿನ ಕನೆಕ್ಟರುಗಳು ಕರಗಿರುತ್ತವೆ. ಏನೂ ಅಳೆಯದೆ ಬಿಸಿ ಮಾಡಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಲೈಟೇ ಇಲ್ಲ ಎಂದಿದ್ದೀರಿ. ಲೈಟಿಗೂ ಗ್ರಾಫಿಕ್ಸ್ ಚಿಪ್ಪಿಗೂ ಸಂಬಂಧವೇ ಇಲ್ಲವಲ್ಲ!

ಪ್ರಶ್ನೆ: ಕೀಬೋರ್ಡಿನ ಮೇಲೆ ಅರ್ಧ ಲೋಟ ನೀರು ಚೆಲ್ಲಿತು. ಒರೆಸಿ ಬಿಸಿಲಿಗೆ ಇಟ್ಟೆ. ಎರಡು ದಿನ ಚೆನ್ನಾಗಿಯೇ ನಡೆಯಿತು, ಮೂರನೇ ದಿನ ಸತ್ತಿತು. ಒಣಗಿದ ಮೇಲೆ ಯಾಕೆ ಸಾಯಬೇಕು?
(ಮನೆಯಿಂದಲೇ ಅಕೌಂಟ್ಸ್ ಕೆಲಸ ಮಾಡುವ ಓದುಗರು)

ಉತ್ತರ: ಯಾಕೆಂದರೆ ಒಣಗಿದ್ದು ಮೇಲೆ ಮಾತ್ರ. ಚಿಪ್ಪಿನ ಹೊಟ್ಟೆಯ ಕೆಳಗೆ, ತಗಡಿನ ಮುಚ್ಚಳಗಳ ಒಳಗೆ ತೇವ ಹಾಗೇ ಉಳಿದಿತ್ತು. ಬರೀ ತೇವ ಇದ್ದಿದ್ದರೆ ಅಷ್ಟು ಕೇಡಿಲ್ಲ. ತೇವದ ಜೊತೆ ವೋಲ್ಟೇಜ್ ಸೇರಿದರೆ ಲೋಹ ಕರಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ನಡೆಯುತ್ತದೆ. ನೀವು ಎರಡು ದಿನ ಬಳಸಿದ್ದೇ ಅದಕ್ಕೆ ಮೇವು ಹಾಕಿದ ಹಾಗಾಯಿತು. ಲ್ಯಾಪ್‌ಟಾಪ್ ಆಫ್ ಇದ್ದರೂ ಬ್ಯಾಟರಿ ಸೇರಿಕೊಂಡಿದ್ದರೆ ಈ ಕೆಲಸ ನಡೆಯುತ್ತಲೇ ಇರುತ್ತದೆ. ಅದಕ್ಕೇ ನೀರು ಬಿದ್ದ ಕೂಡಲೇ ಒರೆಸುವುದಕ್ಕಿಂತ ಮೊದಲು ಚಾರ್ಜರ್ ಕಿತ್ತು, ಆಫ್ ಮಾಡಿ, ಹಿಂಬದಿ ಬಿಚ್ಚಿ, ಬ್ಯಾಟರಿ ತೆಗೆಯಬೇಕು.

ಈಗಲೂ ತಡವಾಗಿಲ್ಲ. ಬೋರ್ಡ್ ಹೊರಗೆ ತೆಗೆದು ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಹಸಿರು ಅಥವಾ ಬಿಳಿ ಪುಡಿ, ಹೊಳಪು ಕಳೆದುಕೊಂಡು ಕಪ್ಪಾದ ಬೆಸುಗೆ, ಇವು ನೀರು ನಡೆದ ದಾರಿಯನ್ನು ತೋರಿಸುತ್ತವೆ. 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಸುರಿದು ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಧಾರಾಳವಾಗಿ ತಿಕ್ಕಬಹುದು, ಆದರೆ ತುಕ್ಕು ಹಿಡಿದ ಸಣ್ಣ ರೆಸಿಸ್ಟರುಗಳು ಬ್ರಷ್ ಜೊತೆಗೇ ಎದ್ದು ಬರುತ್ತವೆ. ತಿಕ್ಕುವ ಮೊದಲು ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆದಿಡಿ. ಎದ್ದುಬಂದದ್ದು ಎಲ್ಲಿತ್ತು, ಅದರ ಮೇಲೆ ಏನು ಬರೆದಿತ್ತು ಅಂತ ಆಮೇಲೆ ಬೇಕಾಗುತ್ತದೆ. '103' ಅಂದರೆ ಹತ್ತರ ಮುಂದೆ ಮೂರು ಸೊನ್ನೆ, ಹತ್ತು ಸಾವಿರ ಓಮ್. '472' ಅಂದರೆ 4,700.

ಸ್ಕ್ರೀನ್ ಕೇಬಲ್ಲಿನ ಕನೆಕ್ಟರ್ ಒಳಗೂ ತಪ್ಪದೆ ನೋಡಿ. ಸ್ಕ್ರೀನಿನ ಬೆಳಕಿಗೆ ಹೋಗುವ ಹೆಚ್ಚಿನ ವೋಲ್ಟೇಜ್ ಅಲ್ಲಿಂದಲೇ ಹಾದುಹೋಗುತ್ತದೆ. ಅದು ತೇವದ ದಾರಿ ಹಿಡಿದು ಚಿತ್ರದ ಸಿಗ್ನಲ್ ಪಿನ್ನಿಗೆ ತಾಗಿತೆಂದರೆ ಪ್ರೊಸೆಸರಿಗೇ ಕುತ್ತು. ನೀರು ಕುಡಿದ ಕೀಬೋರ್ಡನ್ನು ವಾಪಸ್ ಹಾಕಬೇಡಿ.

ಪ್ರಶ್ನೆ: ಲೈಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ರ‍್ಯಾಮ್ ಬದಲಾಯಿಸಿ ನೋಡಿದ್ದಾಯಿತು. ಬಯಾಸ್ ಹೋಗಿರಬಹುದು, ಚಿಪ್ಪಿಗೆ ಹೊಸ ಫೈಲ್ ಹಾಕು ಎಂದರು. ಪ್ರೋಗ್ರಾಮರ್ (ಚಿಪ್ಪಿಗೆ ಫೈಲ್ ಬರೆಯುವ ಸಾಧನ) ತರಿಸಿದ್ದೇನೆ. ಹಾಕಲಾ?
(ನಿವೃತ್ತರಾದ ಮೇಲೆ ರಿಪೇರಿ ಹುಚ್ಚು ಹತ್ತಿಸಿಕೊಂಡ ಹಿರಿಯ ಓದುಗರು)

ಉತ್ತರ: ಸರ್, ಕತ್ತಲೆ ಕೋಣೆಯಲ್ಲಿ ಸ್ಕ್ರೀನಿಗೆ ಟಾರ್ಚ್ ಹಿಡಿದು ನೋಡಿದಿರಾ? ಮಸುಕಾಗಿ ಏನಾದರೂ ಕಂಡರೆ ಹೋಗಿರುವುದು ಹಿಂಬೆಳಕು ಮಾತ್ರ. ಹೊರಗಿನ ಮಾನಿಟರ್ ಹಾಕಿದಿರಾ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಲೈಟ್ ಬದಲಾಗುತ್ತದಾ? ಬದಲಾದರೆ ಬೋರ್ಡ್ ಬದುಕಿದೆ. ರ‍್ಯಾಮ್ ಬದಲಾಯಿಸಿದ ಮೇಲೆ ಎಷ್ಟು ಹೊತ್ತು ಕಾದಿರಿ? ಡಿಡಿಆರ್5 ಅನ್ನುವ ಹೊಸ ತಲೆಮಾರಿನದು ಇದ್ದರೆ ಹೊಸ ರ‍್ಯಾಮಿಗೆ ಹೊಂದಿಕೊಳ್ಳಲು ಮೊದಲ ಸಲ ಕೆಲವು ನಿಮಿಷವೇ ಹಿಡಿಯಬಹುದು. ಅಷ್ಟು ಹೊತ್ತೂ ಸ್ಕ್ರೀನ್ ಕಪ್ಪಗೇ ಇರುತ್ತದೆ.

ಇನ್ನೊಂದು ತಮಾಷೆ ಕೇಳಿ. ಒಮ್ಮೆ ನಾನು ಒಂದು ಇಡೀ ಮಧ್ಯಾಹ್ನ ಇಂಥದ್ದೇ ಒಂದರ ಜೊತೆ ಗುದ್ದಾಡಿದೆ. ಮೇಜಿನ ಮೇಲಿದ್ದಾಗ ಸ್ಕ್ರೀನ್ ಕಪ್ಪು. ಬೇಸತ್ತು ಎತ್ತಿ ಪಕ್ಕಕ್ಕಿಟ್ಟರೆ ಚಿತ್ರ ಬಂತು! ವಾಪಸ್ ಇಟ್ಟರೆ ಮತ್ತೆ ಕಪ್ಪು. ಕೆಳಗೆ ಇನ್ನೊಂದು ಲ್ಯಾಪ್‌ಟಾಪ್ ಮಲಗಿತ್ತು. ಅದರ ಮುಚ್ಚಳದಲ್ಲಿ ಆಯಸ್ಕಾಂತ ಇರುತ್ತದೆ. ಮೇಲಿನ ಲ್ಯಾಪ್‌ಟಾಪಿನ ಹಾಲ್ ಸೆನ್ಸರ್ ಅದನ್ನು ಕಂಡು, ತನ್ನ ಮುಚ್ಚಳವೇ ಮುಚ್ಚಿದೆ ಅಂದುಕೊಂಡು ಮಲಗುತ್ತಿತ್ತು. ನಿಮ್ಮ ಮೇಜಿನ ಮೇಲೆ ಸ್ಕ್ರೂ ಹಿಡಿದಿಡುವ ಆಯಸ್ಕಾಂತದ ತಟ್ಟೆ ಇದ್ದರೆ ದೂರ ಇಡಿ.

ಇಷ್ಟೆಲ್ಲ ಆದ ಮೇಲೆ ಬಯಾಸ್. ಎಂಟು ಕಾಲಿನ ಚಿಪ್ಪಿನ ಮೇಲೆ ಬರೆದದ್ದನ್ನು ಲೆನ್ಸ್ ಇಟ್ಟು ಪೂರ್ತಿ ಓದಿ. ಕೆಲವು 3.3 ವೋಲ್ಟಿನವು, ಕೆಲವು 1.8. 1.8ರದಕ್ಕೆ 3.3 ಕೊಟ್ಟರೆ ಹೋಗುತ್ತದೆ, ನಡುವೆ ವೋಲ್ಟ್ ಇಳಿಸುವ ಸಣ್ಣ ಅಡಾಪ್ಟರ್ ತುಂಡು ಹಾಕಬೇಕು. ನೀವು ತರಿಸಿದ್ದು ಸಿಎಚ್341ಎ ಅನ್ನುವ ಕಪ್ಪು ಬಣ್ಣದ್ದಾದರೆ ಇನ್ನೊಂದು ಎಚ್ಚರ ಬೇಕು. ಅವುಗಳಲ್ಲಿ ಎಷ್ಟೋ 3.3 ಅಂತ ಹೇಳಿಕೊಂಡರೂ ಡೇಟಾ ಕಾಲುಗಳಲ್ಲಿ 5 ವೋಲ್ಟ್ ಬಿಡುತ್ತವೆ. ಚಿಪ್ಪು ಸಿಕ್ಕಿಸುವ ಮೊದಲು ಮೀಟರಿನಲ್ಲಿ ಅಳೆದುಕೊಳ್ಳಿ.

ಬರೆಯುವುದಕ್ಕೆ ಮೊದಲು ಹಳೆಯದನ್ನು ಓದಿ ಉಳಿಸಿಕೊಳ್ಳಿ. ಒಂದು ಸಲ ಅಲ್ಲ, ಎರಡು ಸಲ ಓದಿ. ಎರಡು ಫೈಲೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಬೇರೆ ಬೇರೆ ಬಂದರೆ ಕ್ಲಿಪ್ ಸರಿಯಾಗಿ ಕಚ್ಚಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ವಿಂಡೋಸ್ ಕೀ ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಇನ್ನೊಬ್ಬರ ಫೈಲ್ ಸುಮ್ನೆ ಮೇಲೆ ಸುರಿದರೆ ಅವೆಲ್ಲ ಅಳಿಸಿಹೋಗುತ್ತವೆ.

ಪ್ರಶ್ನೆ: ಬೆಸುಗೆ ಹಾಕುವುದು ಕಲಿಯಬೇಕು. ಬೋರ್ಡಿನ ಬೆಸುಗೆ ಎಷ್ಟು ಹೊತ್ತು ಕಡ್ಡಿ ಇಟ್ಟರೂ ಕರಗುತ್ತಿಲ್ಲ. ಕಡ್ಡಿ ಸರಿ ಇಲ್ಲವಾ?
(ಪದವಿ ಎರಡನೇ ವರ್ಷದ ವಿದ್ಯಾರ್ಥಿನಿ)

ಉತ್ತರ: ಕಡ್ಡಿ ಸರಿ ಇರಬಹುದಮ್ಮ. ಬೋರ್ಡಿನಲ್ಲಿರುವುದು ಸೀಸ ಇಲ್ಲದ ಬೆಸುಗೆ, ಕರಗುವುದು 217 ಡಿಗ್ರಿಯ ಹತ್ತಿರ. ಜೊತೆಗೆ ಗ್ರೌಂಡಿನ ತಾಮ್ರದ ಹಾಳೆ ಕೊಟ್ಟ ಬಿಸಿಯನ್ನೆಲ್ಲ ಹೀರಿಕೊಂಡುಬಿಡುತ್ತದೆ. 63/37ರ (63 ಪಾಲು ತವರ, 37 ಪಾಲು ಸೀಸ) ಬೆಸುಗೆ 183ಕ್ಕೇ ಕರಗುತ್ತದೆ. ಸ್ವಲ್ಪ ಫ್ಲಕ್ಸ್ (ಬೆಸುಗೆ ಸಲೀಸಾಗಿ ಹರಿಯಲು ಹಚ್ಚುವ ಅಂಟು) ಹಾಕಿ, ಅದನ್ನು ಹಳೆಯದರ ಮೇಲೆ ಸೇರಿಸಿ. ಎರಡೂ ಬೆರೆತರೆ ಬೇಗ ಸಡಿಲವಾಗುತ್ತದೆ. ಚೂಪು ತುದಿ ಬಿಟ್ಟು ಅಗಲ ತುದಿಯ ಕಡ್ಡಿ ಬಳಸಿ. ಮೊದಲ ನೂರು ಕೆಪ್ಯಾಸಿಟರುಗಳನ್ನು ಗುಜರಿ ಬೋರ್ಡಿನಿಂದ ತೆಗೆದು ಅಲ್ಲೇ ವಾಪಸ್ ಹಾಕಿ. ಆಮೇಲೆ ನಿಮ್ಮದನ್ನು ಮುಟ್ಟಿ. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಮರೆಯಬೇಡಿ, ಸೀಸ ಅದು.

ಪ್ರಶ್ನೆ: ಮೀಟರಿನಲ್ಲಿ ಅಡಾಪ್ಟರ್ ವೋಲ್ಟೇಜ್ ನೋಡಲು ಹೋದರೆ ಕಿಡಿ ಹಾರಿ ಅಡಾಪ್ಟರ್ ಆಫ್ ಆಯಿತು. ಮೀಟರ್ ಹೊಸದು.
(ಅವಸರದ ಓದುಗರು)

ಉತ್ತರ: ಕೆಂಪು ವೈರ್ 10 ಆಂಪಿನ ತೂತಿನಲ್ಲಿದೆ. ಅಲ್ಲಿ ಹಾಕಿದರೆ ಮೀಟರ್ ಬರೀ ಒಂದು ತಂತಿ ಇದ್ದ ಹಾಗೆ, ಅಡಾಪ್ಟರನ್ನು ನೀವೇ ಶಾರ್ಟ್ ಮಾಡಿದಿರಿ. ತೂತು ಬದಲಾಯಿಸಿ. ಅಡಾಪ್ಟರನ್ನು ಗೋಡೆಯಿಂದ ಕಿತ್ತು ಐದು ನಿಮಿಷ ಬಿಟ್ಟು ಹಾಕಿ, ಹೆಚ್ಚಾಗಿ ವಾಪಸ್ ಬರುತ್ತದೆ. ನಾನೂ ಇದನ್ನು ಮಾಡಿದ್ದೇನೆ, ಎಷ್ಟು ಸಲ ಅಂತ ಕೇಳಬೇಡಿ.

ಪ್ರಶ್ನೆ: ನಿಮ್ಮ ಹಳೆಯ ಉತ್ತರ ಓದಿ, ಜ್ಯಾಕಿನ ಪಕ್ಕದಲ್ಲೇ ಇದ್ದ ಮೇನ್ ಲೈನಿನ ಶಾರ್ಟನ್ನು ಹಾಟ್ ಏರ್ ಬಿಟ್ಟು ತೆಗೆದೆ. ಲ್ಯಾಪ್‌ಟಾಪ್ ಎದ್ದಿತು, ಮನೆಯವರೆಲ್ಲ ಚಪ್ಪಾಳೆ! ಆದರೆ ತುಂಬಾ ನಿಧಾನ, ಬ್ಯಾಟರಿಯೂ ಚಾರ್ಜ್ ಆಗುತ್ತಿಲ್ಲ. ಡೆಲ್ ಲ್ಯಾಪ್‌ಟಾಪ್. ಬೋರ್ಡಿನಲ್ಲಿ ಇನ್ನೇನೋ ಹೋಗಿದೆಯಾ?
(ಹಿಂದೊಮ್ಮೆ ಬರೆದಿದ್ದ ಓದುಗರು)

ಉತ್ತರ: ಚಪ್ಪಾಳೆಯಲ್ಲಿ ನನ್ನದೂ ಒಂದು ಸೇರಿಸಿಕೊಳ್ಳಿ. ಡೆಲ್, ಎಚ್‌ಪಿಯ ದುಂಡು ಪಿನ್ನಿನ ಮಧ್ಯೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತದೆ. ಅದರಲ್ಲಿ ಕರೆಂಟು ಬರುವುದಿಲ್ಲ, 'ನಾನು ಇಷ್ಟು ವಾಟಿನ ಅಡಾಪ್ಟರ್' ಅನ್ನುವ ಪರಿಚಯ ಮಾತ್ರ ಬರುತ್ತದೆ. ಡೆಲ್‌ನಲ್ಲಿ ಆ ಪರಿಚಯ ಸಿಗದಿದ್ದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಆದರೆ ಪ್ರೊಸೆಸರ್ ವೇಗ ಇಳಿಸಿಕೊಂಡು, ಬ್ಯಾಟರಿ ಚಾರ್ಜ್ ಮಾಡದೆ. ಬಯಾಸ್ ಒಳಗೆ ಹೋಗಿ ಅಡಾಪ್ಟರ್ ಮುಂದೆ ಏನು ಬರೆದಿದೆ ನೋಡಿ. 'ಗೊತ್ತಿಲ್ಲ' ಎಂಬ ಅರ್ಥದ ಮಾತಿದ್ದರೆ ಬೋರ್ಡಿಗೆ ಕೈ ಹಾಕುವ ಮೊದಲು ಕಂಪನಿಯದೇ ಇನ್ನೊಂದು ಅಡಾಪ್ಟರ್ ಹಾಕಿ. ಅದರಲ್ಲೂ ಹಾಗೇ ಇದ್ದರೆ ಜ್ಯಾಕಿನ ಮಧ್ಯದ ಸಂಪರ್ಕ ಸಡಿಲವಾಗಿರಬಹುದು, ಅಥವಾ ಅದರಿಂದ ಇಸಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಹೋಗಿರಬಹುದು. ನೀವು ಶಾರ್ಟ್ ತೆಗೆದ ಜಾಗ ಜ್ಯಾಕಿನ ಪಕ್ಕದಲ್ಲೇ ಇತ್ತು ಎಂದು ಬರೆದಿದ್ದಿರಿ, ಅಲ್ವಾ? ಹಾಟ್ ಏರ್ ಗಾಳಿಗೆ ಯಾವುದಾದರೂ ಒಂದು ಹಾರಿಹೋಗಿದೆಯಾ ಅಂತ ಮೊದಲು ಅಲ್ಲೇ ಹುಡುಕಿ.